ಕುಸಿದ ಬರೆಯ ಮಣ್ಣಿನಲ್ಲೇ ಗೋಡೆ: ಕೊಡಗಿನಲ್ಲಿ ನಾವು ಕಟ್ಟಿದ ಬಗೆ

2018ರ ಆಗಸ್ಟಿನ ಮಳೆ, ಭೂಕುಸಿತ ಆದಮೇಲೆ ಕೊಡಗಿನಲ್ಲಿ ಮಣ್ಣಿನ ಮನೆ ಎಂದರೆ ಜನ ಕಿವಿಗೊಡುತ್ತಲೇ ಇರಲಿಲ್ಲ. ನೀರು ಕುಡಿದು ಹಳೆಯ ಮಣ್ಣಿನ ಗೋಡೆಗಳು ಕೂತದ್ದನ್ನು ಕಣ್ಣಾರೆ ಕಂಡವರು ಅವರು. ಅದೇ ಮಣ್ಣನ್ನು ಒತ್ತಿ ಬ್ಲಾಕ್ ಮಾಡಿ ಕಟ್ಟೋಣ ಎಂದಾಗ ಇಂಜಿನಿಯರುಗಳೂ ಮೂಗು ಮುರಿದರು. ಆದರೆ ಹೀಗೆ ಕಟ್ಟಿದ ಗೋಡೆಗಳು ಹೊರಗೆ ಪ್ಲಾಸ್ಟರ್ ಇಲ್ಲದೆಯೇ ಹಲವು ಮಳೆಗಾಲ ಕಂಡು ಗಟ್ಟಿಯಾಗಿ ನಿಂತಿವೆ. ಮಣ್ಣನ್ನು ಒತ್ತಿ ಬ್ಲಾಕ್ ಮಾಡುವ ಮರ್ದಿನಿ ಕೈಯಂತ್ರ ಹಿಡಿದು ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಯಂತ್ರದ ವಿವರಣೆಗೆ ಹೋಗುವುದಿಲ್ಲ.

ಬರೆ, ಎಂದರೆ ಗುಡ್ಡದ ಕಡಿದಾದ ಇಳಿಜಾರು, ಕುಸಿದಾಗ ಬಂದ ಮಣ್ಣೆಲ್ಲ ಬ್ಲಾಕಿಗೆ ಬರುವುದಿಲ್ಲ. ರಾಶಿಯ ಮೇಲ್ಪದರದಲ್ಲಿ ಕಾಫಿ ಬೇರು, ಕೊಳೆತ ಎಲೆ, ಕಪ್ಪು ಮಣ್ಣು ಸೇರಿಕೊಂಡಿರುತ್ತದೆ. ಅದರಲ್ಲಿ ಸಿಮೆಂಟ್ ಹಿಡಿಯುವುದೇ ಇಲ್ಲ, ಅಂಚು ಬೆರಳಿಗೇ ಉದುರುತ್ತದೆ. ಒಂದು ಹಿಡಿ ಮಣ್ಣು ಒದ್ದೆ ಮಾಡಿ ಮೂಸಿ ನೋಡಿ; ಕೊಳೆತ ವಾಸನೆ ಬಂದರೆ ಅದು ತೋಟಕ್ಕೆ ಹೋಗಲಿ. ಎರಡು ಮೂರು ಅಡಿ ಕೆಳಗಿನ ಕೆಂಪು, ಹಳದಿಗೆಂಪು ಮಣ್ಣು ಬೇಕು. ನಮ್ಮ ಗುಡ್ಡದ ಕೆಂಪು ಮಣ್ಣಿನ ಜೇಡಿ ಎರೆಮಣ್ಣಿನ ಹಾಗೆ ಉಬ್ಬುವ ಜಾತಿಯದ್ದಲ್ಲ, ಸಿಮೆಂಟಿಗೆ ಒಗ್ಗುತ್ತದೆ. ತೊಂದರೆ ಏನೆಂದರೆ ಜೇಡಿ ಅತಿಯಾಗಿರುತ್ತದೆ. ಬೇಕಾದದ್ದು 10ರಿಂದ 15%, ಇರುವುದು ಹಲವು ಕಡೆ ಅದಕ್ಕಿಂತ ಹೆಚ್ಚು. ಬಾಟಲಿ ಪರೀಕ್ಷೆಗೆ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ; ಮೇಲೆ ಕೂರುವ ಪದರವೇ ಜೇಡಿ. ನೀರಿನಲ್ಲಿ ಜೇಡಿ ಉಬ್ಬಿ ಕೂರುವುದರಿಂದ ಕಣ್ಣಿಗೆ ಕಂಡದ್ದಕ್ಕಿಂತ ಸ್ವಲ್ಪ ಕಡಿಮೆ ಲೆಕ್ಕ ಹಿಡಿಯಬೇಕು. ಸಾಮಾನ್ಯವಾಗಿ ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕಿದ್ದೇವೆ. ತೋಡಿನ (ಹಳ್ಳದ) ಅಂಚಿನಲ್ಲಿ ನೀರೇ ತೊಳೆದು ಬಿಟ್ಟ ಮಣ್ಣಾದರೆ ಅದರ ಅರ್ಧ ಸಾಕು. ಎಲ್ಲವೂ 5 ಎಂಎಂ ಜರಡಿಯಲ್ಲಿ ಇಳಿದೇ ಬರಬೇಕು.

ಸಿಮೆಂಟ್ 5% ಹಾಕಿದ ಬ್ಲಾಕನ್ನು ಎರಡು ರಾತ್ರಿ ನೀರಿನಲ್ಲಿಟ್ಟಾಗ ಮೂಲೆ ಕರಗಿತು. ನಮ್ಮ ಮಳೆಗೆ 7ರಿಂದ 8% ಬೇಕೇ ಬೇಕು. ಆದರೆ ಸಿಮೆಂಟಿಗಿಂತ ತೂಕ ಮುಖ್ಯ. 230×190×100 ಎಂಎಂ ಅಚ್ಚಿಗೆ ಹಸಿ ಮಣ್ಣು ಎಂಟೂವರೆಯಿಂದ ಎಂಟೂ ಮುಕ್ಕಾಲು ಕೆಜಿ, ಪ್ರತಿ ಸಲವೂ ತಕ್ಕಡಿಯಲ್ಲಿ ತೂಗಿಯೇ ಸುರಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮೊದಲಿನಿಂದಲೂ ಹೇಳುತ್ತ ಬಂದದ್ದು ಇದನ್ನೇ. ಕೂಲಿಯವರು ಮಂಕರಿಯ ಅಂದಾಜಿನಲ್ಲಿ ಸುರಿದರೆ ಮಧ್ಯಾಹ್ನದ ಮೇಲೆ ಅಳತೆ ತಾನಾಗಿ ಇಳಿಯುತ್ತದೆ, ಯಾಕೆಂದರೆ ಮಣ್ಣು ಕಡಿಮೆಯಾದಷ್ಟೂ ಯಂತ್ರದ ಸನ್ನೆ (ಒತ್ತುವ ಹಿಡಿ) ಸಲೀಸು. ಅಂಥ ಬ್ಲಾಕ್ ನೋಡಲು ಒಂದೇ ಥರ, ಮಳೆಗೆ ಮಾತ್ರ ನೀರು ಹೀರುತ್ತದೆ. ಸನ್ನೆ ಒಬ್ಬರಿಗೇ ಸುಲಭವಾಗಿ ಇಳಿಯುತ್ತಿದ್ದರೆ ಅಲ್ಲೇ ನಿಲ್ಲಿಸಿ ತೂಗಿ ನೋಡಿ.

ನೀರಿನ ಹದಕ್ಕೆ ಉಂಡೆ ಕಟ್ಟಿ ಎದೆಯೆತ್ತರದಿಂದ ಬೀಳಿಸುವ ಹಳೆಯ ಪರೀಕ್ಷೆಯೇ ಸಾಕು: ನಾಲ್ಕೈದು ತುಂಡಾಗಬೇಕು. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ಹೆಚ್ಚಾಯಿತು. ಒಮ್ಮೆಗೆ ಅರ್ಧ ಚೀಲ ಸಿಮೆಂಟಿಗಿಂತ ಹೆಚ್ಚು ಕಲಸಬೇಡಿ. ಮುಕ್ಕಾಲು ಗಂಟೆಯೊಳಗೆ ಒತ್ತಿ ಮುಗಿಯಬೇಕು. ಊಟಕ್ಕೆ ಮುಂಚೆ ಕಲಸಿಟ್ಟು ಊಟವಾದ ಮೇಲೆ ಒತ್ತಿದ ಬ್ಲಾಕುಗಳು ನೆನೆಸಿಟ್ಟಾಗ ಬೇರೆಯಾಗಿಯೇ ಗುರುತು ಸಿಕ್ಕಿದವು. ಕ್ಯೂರಿಂಗ್ 21 ದಿನ, ಒದ್ದೆ ಹುಲ್ಲು ಮತ್ತು ಗೋಣಿಚೀಲದ ಕೆಳಗೆ, ನೆರಳಿನಲ್ಲಿ. ಅಚ್ಚಿಗೆ ಸವರುವ ಎಣ್ಣೆಯ ಮಿಶ್ರಣವನ್ನು ಇಲ್ಲಿ ಹೇಳುವುದಿಲ್ಲ. ನಮ್ಮ ಬ್ಲಾಕಿನ ಅಂಚು ಅಷ್ಟು ಚೂಪಾಗಿ ಬರುವುದು ಅದರಿಂದಲೇ.

ಈ ಕೆಲಸಕ್ಕೆ ಕೊಡಗಿನಲ್ಲಿ ಡಿಸೆಂಬರಿನಿಂದ ಮೇ ತನಕ ಮಾತ್ರ ಅವಕಾಶ. ಜೂನ್ ನಂತರ ರಾಶಿಯ ಮಣ್ಣೇ ಉಂಡೆ ಪರೀಕ್ಷೆ ದಾಟುವುದಿಲ್ಲ. ಹಣದ ತೊಡಕೂ ಇಲ್ಲೇ. 2019ರ ನೆರೆಯ ನಂತರ ಪೂರ್ತಿ ಬಿದ್ದ ಮನೆಗೆ ಸಿಕ್ಕದ್ದು 5 ಲಕ್ಷ ರೂಪಾಯಿ, ಅದೂ ಕಂತಿನಲ್ಲಿ. ಮೊದಲ ಕಂತು ಪಂಚಾಂಗಕ್ಕೇ (ಅಡಿಪಾಯಕ್ಕೇ) ಮುಗಿಯುತ್ತದೆ. ಬ್ಲಾಕಿಗೆ ದುಡ್ಡು ಬೇಕಾದದ್ದು ಅದಕ್ಕಿಂತ ಮೊದಲು. ನಾಲ್ಕೈದು ಮನೆಯವರು ಸೇರಿ ಒಂದೇ ಕಡೆ ಒತ್ತಿಸಿದರೆ ಮಾತ್ರ ಇದು ಹೊಂದುತ್ತದೆ. ಯಂತ್ರವೂ ಹಂಚಿಕೆಯಾಗುತ್ತದೆ, ಮನೆಯವರ ಕೂಲಿಯೂ ಉಳಿಯುತ್ತದೆ.

ನೆನಪಿನ ಲೆಕ್ಕ ಹೇಳುತ್ತೇನೆ. ಒಂದು ಚೀಲ ಸಿಮೆಂಟಿಗೆ 90ರ ಸುತ್ತಮುತ್ತ ಬ್ಲಾಕ್. ಆರು ಜನ ದಿನಕ್ಕೆ 400ರಿಂದ 450. ಸಿಮೆಂಟ್, ಮರಳು, ಕೂಲಿ, ಒಡೆದದ್ದು ಎಲ್ಲ ಸೇರಿ ಒಂದಕ್ಕೆ ಆಗ 18ರಿಂದ 20 ರೂಪಾಯಿ ಬಿದ್ದಿತ್ತು. 400 ಚದರಡಿ ಮನೆಗೆ ಮೂರು ಸಾವಿರ ಚಿಲ್ಲರೆ. ಗೋಡೆಯ ಚದರ ಮೀಟರಿಗೆ ಹಿಡಿದರೆ ಸಿಮೆಂಟ್ ಬ್ಲಾಕಿಗಿಂತ ಇದು ಅಗ್ಗವಲ್ಲ, ಹಾಗೆ ಹೇಳುವವರು ಪೂರ್ತಿ ಲೆಕ್ಕ ಮಾಡಿಲ್ಲ. ಉಳಿತಾಯ ಇರುವುದು ಪ್ಲಾಸ್ಟರಿನಲ್ಲಿ, ಬಣ್ಣದಲ್ಲಿ, ಘಾಟಿ ಹತ್ತಿಸುವ ಲಾರಿ ಬಾಡಿಗೆಯಲ್ಲಿ. ಜೊತೆಗೆ ಕೂಲಿಯ ದುಡ್ಡು ಊರಲ್ಲೇ ಉಳಿಯುತ್ತದೆ.

ಗೋಡೆಗೆ 1:4 ಸಿಮೆಂಟ್ ಗಾರೆ ಹಾಕಿದರೆ ಗಾರೆ ಬ್ಲಾಕಿಗಿಂತ ಗಟ್ಟಿಯಾಗಿ, ಬಿರುಕು ಬ್ಲಾಕಿನ ಮಧ್ಯೆಯೇ ಹಾಯುತ್ತದೆ. ಸಿಮೆಂಟ್, ಮಣ್ಣು, ಮರಳು 1:2:6 ಸರಿಯಾದ ಹದ. ಪಂಚಾಂಗದ ಮೇಲೆ ಮತ್ತು ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮಟ್ಟದಲ್ಲಿ ಮೂರು ಇಂಚಿನ ಕಾಂಕ್ರೀಟ್ ಪಟ್ಟಿ, ಒಳಗೆ 10 ಎಂಎಂ ಕಂಬಿ ಎರಡು. ಮೂಲೆಗಳಲ್ಲಿ ನೇರಕ್ಕೆ 12 ಎಂಎಂ ಕಂಬಿ ಒಂದು. ಖರ್ಚು ಉಳಿಸಲು ಇದನ್ನು ಬಿಡಬೇಡಿ. 1993ರ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಅಷ್ಟೊಂದು ಜನರನ್ನು ಕೊಂದದ್ದು ಪಟ್ಟಿಯ ಕಟ್ಟಿಲ್ಲದ ದಪ್ಪ ಕಲ್ಲುಗೋಡೆಗಳು. 2022ರಲ್ಲಿ ಸಂಪಾಜೆ, ಚೆಂಬು ಕಡೆ ನೆಲ ಅದುರಿದ ಮೇಲೆ ನಮ್ಮವರಿಗೂ ಇದರ ಬೆಲೆ ತಿಳಿಯಿತು. ಮಾಡು (ಸೂರು) ಗೋಡೆಯಿಂದ ಎರಡೂವರೆ ಅಡಿಯಾದರೂ ಆಚೆ ಚಾಚಬೇಕು. ಗಾಳಿಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ನಾವು ಬಳಿಯುವುದು ಬೇರೆ, ಕೆಲಸಕ್ಕೆ ಜೊತೆಯಾದವರಿಗೆ ತೋರಿಸುತ್ತೇವೆ.

ಜಾಗ ಸರಿಯಿಲ್ಲದಿದ್ದರೆ ಇದೆಲ್ಲ ವ್ಯರ್ಥ. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡವೇ ಮನೆಗಳ ಮೇಲೆ ಬಂತು, ಅಂಥ ಕಡೆ ಯಾವ ಗೋಡೆಯೂ ಉಳಿಯದು. ಇಳಿಜಾರನ್ನು ಜೆಸಿಬಿಯಲ್ಲಿ ನೇರ ಕಡಿದು, ಕಡಿದ ಮಣ್ಣನ್ನು ಮುಂದೆ ತುಂಬಿ, ಅರ್ಧ ಮನೆ ಗಟ್ಟಿ ನೆಲದಲ್ಲಿ, ಅರ್ಧ ತುಂಬಿದ ಮಣ್ಣಿನಲ್ಲಿ ಕೂರಿಸಿದರೆ ಮೊದಲ ಮಳೆಗೇ ಸೀಳು ಖಂಡಿತ. ಬರೆಯ ತಲೆಯ ಮೇಲೆ ಕಾಲುವೆ ತೋಡಿ ನೀರನ್ನು ತೋಡಿಗೆ ಇಳಿಸಿ. ಬರೆಯನ್ನು ಓರೆ ಮಾಡಿ, ಲಾವಂಚವನ್ನು ಗೇಣಿಗಿಂತ ಹತ್ತಿರ ಹತ್ತಿರ, ಅಡ್ಡ ಸಾಲಿನಲ್ಲಿ, ಮಳೆ ಹಿಡಿಯುತ್ತಿದ್ದಂತೆ ನೆಡಿ.

ಸಿಮೆಂಟ್ ಉಳಿಸಲು ಕಾಫಿ ಸಿಪ್ಪೆಯ ಬೂದಿಯನ್ನೂ ಹಾಕಿ ನೋಡಿದ್ದಾಯಿತು. ಬ್ಲಾಕಿನ ಮೇಲೆಲ್ಲ ಬಿಳಿ ಉಪ್ಪು ಎದ್ದಿತು, ಅದರ ಪೊಟ್ಯಾಶೇ ಕಾರಣ. ಬಿದ್ದ ಮನೆಗಳ ಮಂಗಳೂರು ಹೆಂಚು ಮಾತ್ರ ಚಿನ್ನ: ಬೆರಳಿನಿಂದ ತಟ್ಟಿ, ಕಂಚಿನ ದನಿ ಬಂದದ್ದನ್ನು ಆರಿಸಿದರೆ ಅರ್ಧಕ್ಕಿಂತ ಹೆಚ್ಚು ಮತ್ತೆ ಮಾಡಿಗೇರುತ್ತವೆ. ಉರುಳಿದ ಸಿಲ್ವರ್ ಓಕ್ ಮರಗಳನ್ನು ಹೆಂಚು ಹೊರುವ ಪಕ್ಕಾಸು, ರೀಪುಗಳಾಗಿ ಸೀಳಿಸಿ, ಹಸಿಯಿರುವಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ಅದ್ದಿ, ಟಾರ್ಪಾಲು ಮುಚ್ಚಿ ಕೆಲವು ವಾರ ಇಟ್ಟೆವು, ಹುಳ ಹತ್ತಿಲ್ಲ. ಆದರೆ ಮಳೆಗೆ ಆ ಔಷಧ ತೊಳೆದುಹೋಗುತ್ತದೆ, ಆದ್ದರಿಂದ ಮಾಡಿನ ಅಂಚಿನಾಚೆ ಚಾಚುವ ತುದಿಗೆ ಬೇರೆ ಮರವನ್ನೇ ಬಳಸಿ.