ಮೇ ತಿಂಗಳ ನೆಂಟರು ಮತ್ತು ವಲಿಯಪರಂಬ: ಕಾಸರಗೋಡಿಗೆ ಹೊಸದಾಗಿ ಬಂದವರಿಗೆ

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ, ತೋಟದ ಬೆಳೆಗಳ ಸಂಶೋಧನಾ ಕೇಂದ್ರಕ್ಕೋ, ಬ್ಯಾಂಕಿಗೋ ವರ್ಗವಾಗಿ ಬಂದ ಕನ್ನಡಿಗರು ಮೊದಲ ವರ್ಷ ಮನೆ, ಶಾಲೆ, ಗ್ಯಾಸು ಎಂದು ಓಡಾಡಿ ಉಸಿರು ಬಿಡುವಷ್ಟರಲ್ಲಿ ಏಪ್ರಿಲ್ ಬರುತ್ತದೆ. ಅದರ ಬೆನ್ನಿಗೇ ಫೋನುಗಳು. ಮೂರು ವರ್ಷದಿಂದ ಮಾತಾಡದ ದಾವಣಗೆರೆಯ ಚಿಕ್ಕಮ್ಮನಿಗೂ ನಿಮ್ಮ ನೆನಪಾಗುತ್ತದೆ. ಅವರು ಬರುವುದು ನಿಮ್ಮನ್ನು ನೋಡಲೋ ಸಮುದ್ರ ನೋಡಲೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎರಡೂ ನಿಜ.

ಮೊದಲು ನೀರಿನ ಮಾತು. ಇಲ್ಲಿ ಮಳೆಗಾಲದಲ್ಲಿ ಆಕಾಶವೇ ಕಳಚಿ ಬೀಳುತ್ತದೆ, ಮೇ ತಿಂಗಳಲ್ಲಿ ಬಾವಿಯ ತಳ ಕಾಣುತ್ತದೆ. ಮುರಕಲ್ಲಿನ ನೆಲ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬಾಯಾರು, ಪೆರ್ಲದ ಕಡೆಯ ಹಳಬರು ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತಂದದ್ದು ಇದಕ್ಕೇ. ಬಾಡಿಗೆ ಮನೆಯಲ್ಲಿದ್ದರೆ ಎಂಟು ಮಂದಿ ಬರುತ್ತಿದ್ದಾರೆ ಎಂದು ಮನೆಯ ಮಾಲೀಕರಿಗೆ ಮೊದಲೇ ಹೇಳಿಬಿಡಿ. ಪಂಪು ನಿಂತ ಮೇಲೆ ಹೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ.

ನೆಂಟರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ: ಬೇಕಲ, ಮಧೂರು, ಅನಂತಪುರ, ಮಂಜೇಶ್ವರದ ಗೋವಿಂದ ಪೈಗಳ ಮನೆ, ರಾಣಿಪುರಂ. ಎಲ್ಲವನ್ನೂ ಎರಡೇ ದಿನದಲ್ಲಿ ಮುಗಿಸಬೇಕು ಎನ್ನುತ್ತಾರೆ. ಒಪ್ಪಬೇಡಿ. ಬೇಕಲ ಕೋಟೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಎಂದರೆ ಶಿವಮೊಗ್ಗದ ಮಾವನವರು ಖುಷಿಪಡುತ್ತಾರೆ. ಆದರೆ ಸುಮಾರು ನಲವತ್ತು ಎಕರೆಯ ಆ ಬಯಲಿನಲ್ಲಿ ನಡು ಮಧ್ಯಾಹ್ನ ನೆರಳು ಸಿಗುವುದಿಲ್ಲ. ಬಿಸಿಲಿಳಿದ ಮೇಲೆ ಕರೆದುಕೊಂಡು ಹೋಗಿ. ದೇವಸ್ಥಾನಗಳನ್ನು ಬೆಳಿಗ್ಗೆ ಮುಗಿಸಿ. ಉಳಿದ ದಿನಗಳಲ್ಲಿ ಒಂದನ್ನು ಇಡಿಯಾಗಿ ವಲಿಯಪರಂಬ ದ್ವೀಪಕ್ಕೆ ಎತ್ತಿಡಿ. ಮಕ್ಕಳಿಗೂ ಅಜ್ಜಿಗೂ ಒಟ್ಟಿಗೇ ಹಿಡಿಸುವ ಜಾಗ ಈ ಜಿಲ್ಲೆಯಲ್ಲಿ ಇದೊಂದೇ ಎಂಬುದು ನನ್ನ ಹಟ.

ವಲಿಯಪರಂಬ ಎಂದರೆ ಸಮುದ್ರಕ್ಕೂ ಕವ್ವಾಯಿ ಹಿನ್ನೀರಿಗೂ ನಡುವೆ ಚಾಚಿಕೊಂಡ ತೆಳು ನೆಲದ ಪಟ್ಟಿ. ಉದ್ದ ಸುಮಾರು 24 ಕಿಲೋಮೀಟರ್, ಅಗಲ ಎಷ್ಟು ಕಡಿಮೆಯೆಂದರೆ ಪಶ್ಚಿಮದ ತೆರೆಯ ಸದ್ದು ಕೇಳುತ್ತಲೇ ಪೂರ್ವದ ದೋಣಿಕಟ್ಟೆಗೆ ನಡೆದು ಬರಬಹುದು. ಸೇತುವೆ ದಾಟಿ ಕಾರಿನಲ್ಲೂ ಹೋಗಬಹುದು. ಆದರೆ ದ್ವೀಪಕ್ಕೆ ಕಾರಿನಲ್ಲಿ ಹೋದರೆ ಮಕ್ಕಳು ಕೊನೆಯವರೆಗೂ ದ್ವೀಪ ಎಲ್ಲಿ ಎಂದು ಕೇಳುತ್ತಲೇ ಇರುತ್ತಾರೆ. ಕಾಸರಗೋಡಿನಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ತೃಕ್ಕರಿಪುರದಲ್ಲಿ ಇಳಿಯಿರಿ. ವೇಗದ ರೈಲುಗಳು ಹೆಚ್ಚಿನವು ಅಲ್ಲಿ ನಿಲ್ಲುವುದಿಲ್ಲ. ಅಲ್ಲಿಂದ ಆಯಿಟ್ಟಿ ಕಡವಿಗೆ, ಅಂದರೆ ಅಲ್ಲಿನ ದೋಣಿಕಟ್ಟೆಗೆ, ಆಟೊ. ಕೇರಳದ ಜಲಸಾರಿಗೆ ಇಲಾಖೆಯ ದೋಣಿ ಅಲ್ಲಿಂದ ಹೊರಡುತ್ತದೆ. ಊರಿನವರು ಪೇಟೆಗೆ, ಆಸ್ಪತ್ರೆಗೆ ಹೋಗಿಬರುವ ದೋಣಿ ಅದು, ಟಿಕೆಟು ಬಸ್ಸಿನಷ್ಟೇ ಅಗ್ಗ. ಹೊತ್ತನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಮುಖ್ಯವಾಗಿ ಸಂಜೆಯ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿ. ಕಿಸೆ ತುಂಬಿರುವವರು ನೀಲೇಶ್ವರದ ಕೋಟ್ಟಪ್ಪುರಂನಿಂದ ದೋಣಿಮನೆ ಬಾಡಿಗೆಗೆ ಹಿಡಿಯಬಹುದು. ಮಂಡಿನೋವಿನ ಅತ್ತೆಯವರು ಜೊತೆಗಿದ್ದರೆ ಆ ಖರ್ಚು ದಂಡವಲ್ಲ.

ಚಂದ್ರಗಿರಿ ಹೊಳೆ ದಾಟಿದ ಮೇಲೆ ಕನ್ನಡ, ತುಳು ತೆಳುವಾಗುತ್ತಾ ಹೋಗಿ ತೃಕ್ಕರಿಪುರದಲ್ಲಿ ಬರಿಯ ಮಲಯಾಳ. ಬೋರ್ಡು ಓದಲು ಬಾರದಿದ್ದರೆ ಪಕ್ಕದಲ್ಲಿ ನಿಂತವರನ್ನು ಕೇಳಿ. ವಯಸ್ಸಾದವರನ್ನು ಚೇಟ್ಟ, ಚೇಚ್ಚಿ ಎಂದು ಕರೆದು ಹರಕು ಮಲಯಾಳದಲ್ಲಿ ಕೇಳಿದರೂ ದೋಣಿ ಹತ್ತಿಸಿಯೇ ಹೋಗುತ್ತಾರೆ.

ದಿನವನ್ನು ಗಡಿಯಾರ ನೋಡಿ ಗೊತ್ತುಮಾಡಬೇಡಿ, ಭರತ ಇಳಿತ ನೋಡಿ ಗೊತ್ತುಮಾಡಿ. ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೂ ಅಂದಾಜು ಸಿಗುತ್ತದೆ. ನೀರು ಪೂರಾ ಇಳಿದಾಗ ಹಿನ್ನೀರಿನ ಅಂಚು ಕೆಸರಾಗಿ, ಸಣ್ಣ ದೋಣಿ ನೆಲ ತಾಗುತ್ತದೆ. ಏರುವ ನೀರಿನಲ್ಲಿ ಹೊರಟರೆ ಕಯಾಕಿಂಗ್ ಮಾಡುವ ಹುಡುಗರಿಗೆ ತೋಳಿನ ಕೆಲಸ ಅರ್ಧ ಉಳಿಯುತ್ತದೆ.

ಮೇ ತಿಂಗಳಲ್ಲಿ ಹೋದರೆ ಕಲ್ಲುಮ್ಮಕ್ಕಾಯಿ, ಅಂದರೆ ತಿನ್ನುವ ಹಸಿರು ಚಿಪ್ಪುಜೀವಿಯ ಕೊಯ್ಲು ನೋಡಲು ಸಿಗಬಹುದು. ಪಡನ್ನದ ಸುತ್ತಿನ ಹಿನ್ನೀರಿನಲ್ಲಿ ಬಿದಿರಿನ ಚಪ್ಪರಗಳು ನೀರಿನ ಮೇಲೆ ತಲೆ ಎತ್ತಿ ನಿಂತಿರುತ್ತವೆ. ಚಳಿಗಾಲದ ಆರಂಭದಲ್ಲಿ ಮರಿಗಳನ್ನು ಹಗ್ಗಕ್ಕೆ ಹಚ್ಚಿ, ತೆಳು ಹತ್ತಿ ಬಟ್ಟೆ ಸುತ್ತಿ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವ ಹೊತ್ತಿಗೆ ಮರಿಗಳು ಹಗ್ಗವನ್ನು ಕಚ್ಚಿ ಹಿಡಿದಿರುತ್ತವೆ. ಕೊಯ್ಲಿನ ದಿನ ಮೇಲೆತ್ತಿದಾಗ ಹೆಬ್ಬೆರಳಿನ ಗಾತ್ರದ ಹಗ್ಗ ತೊಡೆಯಷ್ಟು ದಪ್ಪವಾಗಿ, ಹಸಿರು ಮಿಂಚುವ ಚಿಪ್ಪುಗಳಿಂದ ನೀರು ಸುರಿಸುತ್ತಾ ಬರುತ್ತದೆ. ಈ ಕೆಲಸದಲ್ಲಿ ಹೆಂಗಸರ ಗುಂಪುಗಳೇ ಹೆಚ್ಚು. ಮಳೆ ಹಿಡಿದರೆ ಹೊಳೆಗಳ ಸಿಹಿನೀರು ನುಗ್ಗಿ ಉಪ್ಪು ತಗ್ಗುತ್ತದೆ, ಬೆಳೆ ಸಾಯುತ್ತದೆ. ಆದ್ದರಿಂದಲೇ ಅವರಿಗೆ ಮೇ ತಿಂಗಳಲ್ಲಿ ಪುರುಸೊತ್ತಿಲ್ಲ. ಕೇಳದೆ ಫೋಟೊ ತೆಗೆಯುತ್ತಾ ದಾರಿಗಡ್ಡ ನಿಲ್ಲಬೇಡಿ. ಅಕ್ಕಿಹಿಟ್ಟು ತುಂಬಿ ಬೇಯಿಸಿ ಕರಿದ ಕಲ್ಲುಮ್ಮಕ್ಕಾಯಿ ಮೀನು ತಿನ್ನುವ ನೆಂಟರಿಗೆ ಹಬ್ಬ. ತಿನ್ನದವರಿಗೆ ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಮೊಸರನ್ನ ಈ ಸೆಕೆಗೆ ಮಧ್ಯಾಹ್ನದ ಹೊತ್ತಿಗೆ ಹುಳಿಯುತ್ತದೆ, ಪುಳಿಯೋಗರೆ ತಡೆಯುತ್ತದೆ. ಒಂದು ಬಾಟಲಿ ಪುನರ್ಪುಳಿ ಶರಬತ್ತೂ ಇರಲಿ.

ಮರಳುವ ದಾರಿಯಲ್ಲಿ ಇಡಯಿಲಕ್ಕಾಡಿಗೆ ಹೋಗಿ. ಹಿನ್ನೀರಿನ ನಡುವಿನ ಈ ಸಣ್ಣ ದ್ವೀಪದ ಕಾವಿನಲ್ಲಿ, ಅಂದರೆ ದೇವರ ಬನದಲ್ಲಿ, ಮಂಗಗಳ ದೊಡ್ಡ ಸಂಸಾರವೇ ಇದೆ. ಓಣಂ ಸಮಯದಲ್ಲಿ ಊರಿನವರು ಅವುಗಳಿಗೆ ಎಲೆ ಹಾಕಿ, ಉಪ್ಪಿಲ್ಲದ ಊಟ ಬಡಿಸುತ್ತಾರೆ. ಬೇಸಿಗೆಯಲ್ಲಿ ಆ ಮರ್ಯಾದೆಗೆ ಕಾಯುವ ತಾಳ್ಮೆ ಅವುಗಳಿಗಿಲ್ಲ, ಚೀಲದ ಜಿಪ್ಪು ಹಾಕಿಡಿ.

ಇನ್ನು ಅಂಜಿಕೆಯ ವಿಷಯ. ಹಿನ್ನೀರಿನ ಬದಿ ಸಾಧು, ಸಮುದ್ರದ ಬದಿ ಹಾಗಲ್ಲ. ಮರಳು ಚೆಂದ ಇದೆ, ಜನ ಇಲ್ಲ ಎಂದು ಬಯಲುಸೀಮೆಯ ಹುಡುಗರು ಅಂಗಿ ಬಿಚ್ಚಿ ಓಡುತ್ತಾರೆ. ಅಲ್ಲಿ ಜೀವರಕ್ಷಕರಿರುತ್ತಾರೆ ಎಂದು ನಂಬಿ ಕೂರಬೇಡಿ. ಮೊಣಕಾಲು ದಾಟಬಾರದು ಎಂದು ಮೊದಲೇ ಹೇಳಿ, ಅಳಿವೆಯ ಹತ್ತಿರವಂತೂ ನೀರಿಗೆ ಇಳಿಯಲೇಬಾರದು. ಗಾಳಿಮಳೆ ಇಲ್ಲದ ದಿನವೂ ದೂರದ ಸಾಗರದಲ್ಲಿ ಎದ್ದ ಅಲೆಗಳು ಇಲ್ಲಿಯ ದಡಕ್ಕೆ ನುಗ್ಗುವುದುಂಟು. ಇದಕ್ಕೆ ಇಲ್ಲಿ ಕಳ್ಳಕ್ಕಡಲ್ ಎನ್ನುತ್ತಾರೆ. ಅದರ ಎಚ್ಚರಿಕೆ ಪತ್ರಿಕೆಯಲ್ಲಿ ಬಂದಿದ್ದರೆ ಆ ದಿನದ ಹಟ ಬಿಡಿ. ದೋಣಿ ಹತ್ತುವಾಗ ಲೈಫ್ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ, ಸೆಕೆಯಾಗುತ್ತದೆ ಎಂದು ಗೊಣಗುವ ಭಾವನವರಿಗೂ ಹಾಕಿಸಿ. 2023ರ ಮೇ 7ರಂದು, ರಜೆಯ ಒಂದು ಭಾನುವಾರ ಸಂಜೆ, ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ವಿಹಾರ ದೋಣಿ ಮಗುಚಿ 22 ಮಂದಿ ಸತ್ತರು. ಸತ್ತವರಲ್ಲಿ ಮಕ್ಕಳು ಬಹಳ ಇದ್ದರು. ದೋಣಿ ತುಂಬಿದೆ ಅನ್ನಿಸಿದರೆ ಇಳಿದುಬಿಡಿ, ಮುಂಗಡ ಹಣ ಹೋದರೆ ಹೋಗಲಿ.

ಸಂಜೆ ಉಳಿದರೆ ನೀಲೇಶ್ವರದ ಕಡೆ ತೆಯ್ಯಂ, ಅಂದರೆ ನಮ್ಮ ಭೂತಕೋಲದಂಥ ದೈವದ ಕುಣಿತ, ಇದೆಯೇ ವಿಚಾರಿಸಿ. ಅಕ್ಟೋಬರ್ ಕೊನೆಗೆ ಶುರುವಾಗುವ ತೆಯ್ಯಂಗಳ ಕಾಲ ಮಳೆಯ ಹೊಸ್ತಿಲಿನಲ್ಲಿ ನೀಲೇಶ್ವರದ ಮನ್ನಂಪುರತ್ತು ಕಾವಿನಲ್ಲೇ ಮುಗಿಯುವುದು.

ಇಷ್ಟೆಲ್ಲ ಮೇ ಕೊನೆಯ ವಾರದ ಒಳಗೆ. ಮಳೆಗಾಲ ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ದೋಣಿಗಳಿಗೆ ನಿಷೇಧ, ಮೀನಿನ ಬೆಲೆ ಕೇಳಿ ಮೀನುಪ್ರಿಯ ನೆಂಟರೂ ಸೊಪ್ಪಿಗೆ ಇಳಿಯುತ್ತಾರೆ. ಕಣ್ಣೂರಿನಿಂದ ಮಂಗಳೂರು, ಹಾಸನ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರಾತ್ರಿ ರೈಲಿನಲ್ಲಿ ರಜೆ ಮುಗಿಯುವ ದಿನಗಳಲ್ಲಿ ಸೀಟು ಸಿಗುವುದು ಕಷ್ಟ. ಮುಂಗಡ ಕಾಯ್ದಿರಿಸುವುದು 60 ದಿನ ಮೊದಲೇ ತೆರೆಯುತ್ತದೆ. ನೆಂಟರು ಬರುತ್ತೇವೆ ಎಂದು ಫೋನು ಮಾಡಿದ ದಿನವೇ, ಹೋಗುವುದು ಯಾವತ್ತು ಎಂದು ನಗುನಗುತ್ತಾ ಕೇಳಿ ಟಿಕೆಟು ಮಾಡಿಸಿಬಿಡಿ.