ಆರು ಎನರ್ಜಿ ಮೀಟರ್, ಒಂದೇ ಕೇಬಲ್: ದಾಲ್ ಮಿಲ್‌ನಲ್ಲಿ ಮಾಡ್‌ಬಸ್ ಜೋಡಿಸುವ ಬಗೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ದಾಲ್ ಮಿಲ್‌ಗಳಲ್ಲಿ ನಾನು ಎಲೆಕ್ಟ್ರಿಕಲ್ ಪ್ಯಾನೆಲ್ ಕೆಲಸ ಮಾಡುತ್ತೇನೆ. ಹೊಸ ತೊಗರಿ ಬರೋಕೆ ಶುರುವಾದರೆ ಮಿಲ್ ನಿಲ್ಲಿಸಲು ಯಾವ ಮಾಲೀಕರೂ ಒಪ್ಪಲ್ಲ. ಹಾಗಾಗಿ ಎನರ್ಜಿ ಮೀಟರ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಕೆಲಸ ಅದಕ್ಕೂ ಮೊದಲೇ ಮುಗಿಯಬೇಕು.

ಮಾಡ್‌ಬಸ್ ಅಂದರೆ ಮೀಟರ್ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳುವ ಭಾಷೆ, 1979ರಿಂದ ಇದೆ. ಮಾಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗೆ, ಅಂದರೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್‌ಗಳಿಗೆ, ಮಾಡಿಕೊಂಡಿದ್ದು ಅದು. ಕಂಪ್ಯೂಟರ್ ಒಂದೊಂದೇ ಮೀಟರ್‌ನ ನಂಬರ್ ಕರೆದು ಕೇಳುತ್ತದೆ, ಆ ಮೀಟರ್ ಮಾತ್ರ ಉತ್ತರ ಕೊಡುತ್ತದೆ. ಹೊಸ ಮೀಟರ್‌ಗಳು ಸಾಮಾನ್ಯವಾಗಿ 1 ಅಂತಲೇ ಬರುತ್ತವೆ. ಜೋಡಿಸುವ ಮೊದಲೇ ಪ್ರತಿಯೊಂದಕ್ಕೂ 1ರಿಂದ 247ರೊಳಗೆ ಬೇರೆ ಬೇರೆ ನಂಬರ್ ಕೊಡಿ. ಬಾಡ್ ರೇಟ್ (ಮಾತಿನ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಎಲ್ಲ ಮೀಟರ್‌ಗಳಲ್ಲೂ ಒಂದೇ ಇರಲಿ. ನಾನು ಬಾಡ್ ರೇಟ್ 9600 ಇಡುತ್ತೇನೆ.

ಇನ್ನು ಕೇಬಲ್. ನಿಜವಾದ ಕೆಲಸ ಇರೋದೇ ಇಲ್ಲಿ. ಒಂದು ಮಿಲ್‌ನಲ್ಲಿ ಪ್ರತಿ ಮೀಟರ್‌ನಿಂದಲೂ ಆಫೀಸಿಗೆ ಬೇರೆ ಬೇರೆ ವೈರ್ ಎಳೆದಿದ್ದರು. ಕಾಳು ಮೇಲೆತ್ತುವ ಎಲಿವೇಟರ್ ಮೋಟರ್ ಚಾಲೂ ಆದರೆ ಸಾಕು, ರೀಡಿಂಗ್ ಮಾಯ. ಎರಡು ದಿನ ಸಾಫ್ಟ್‌ವೇರ್ ಮೇಲೆ ಅನುಮಾನ ಪಟ್ಟೆವು. ಕೊನೆಗೆ ಮೀಟರ್‌ನಿಂದ ಮೀಟರ್‌ಗೆ ಸರಪಳಿಯ ಹಾಗೆ ಹೊಸದಾಗಿ ಎಳೆದೆ, ಮೋಟರ್ ಕೇಬಲ್‌ನಿಂದ ದೂರ ಇಟ್ಟೆ, ಸರಿಹೋಯ್ತು. ಎರಡು ವೈರ್ ಹೆಣೆದು ಮೇಲೆ ಲೋಹದ ಹೊದಿಕೆ (ಶೀಲ್ಡ್) ಇರುವ ಟ್ವಿಸ್ಟೆಡ್ ಪೇರ್ ಶೀಲ್ಡ್ ಕೇಬಲ್ಲೇ ಬೇಕು. ಶೀಲ್ಡ್‌ಗೆ ಅರ್ಥಿಂಗ್ ಒಂದೇ ಕಡೆ ಕೊಡಿ.

ಸರಪಳಿಯ ಎರಡು ತುದಿಯಲ್ಲಿ ಮಾತ್ರ, ಎ ಮತ್ತು ಬಿ ಅನ್ನುವ ಎರಡು ವೈರ್‌ಗಳ ನಡುವೆ, 120 ಓಮ್ ರೆಸಿಸ್ಟರ್. ಆಮೇಲೆ ಪವರ್ ಪೂರ್ತಿ ಆಫ್ ಮಾಡಿ, ಎ ಮತ್ತು ಬಿ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಸುಮಾರು 60 ಓಮ್ ಬರಬೇಕು. 120ರ ಹತ್ತಿರ ಬಂದರೆ ಒಂದು ರೆಸಿಸ್ಟರ್ ಇಲ್ಲ, ಇಲ್ಲವೇ ನಡುವೆ ಎಲ್ಲೋ ವೈರ್ ಬಿಟ್ಟಿದೆ. 40 ಬಂದರೆ ಯಾರೋ ಮೂರನೆಯದು ಹಾಕಿದ್ದಾರೆ. ಅರ್ಧ ನಿಮಿಷದ ಈ ಪರೀಕ್ಷೆ ನನಗೆ ಎಷ್ಟೋ ರಾತ್ರಿ ಉಳಿಸಿದೆ.

ಈಗ ಒಂದೇ ಮೀಟರ್ ಜೋಡಿಸಿ ಓದಿ. ಉತ್ತರ ಬರಲಿಲ್ಲವೇ? ಎ, ಬಿ ಅದಲುಬದಲು ಮಾಡಿ ನೋಡಿ. ಆ ಹೆಸರುಗಳನ್ನು ಎಲ್ಲ ಕಂಪನಿಗಳೂ ಒಂದೇ ಥರ ಬರೆಯುವುದಿಲ್ಲ, ಹೆದರಬೇಡಿ, ಇದರಿಂದ ಮೀಟರ್ ಸುಡುವುದಿಲ್ಲ. ಉತ್ತರ ಬಂದರೂ ಅಂಕಿ ತಪ್ಪಿದ್ದರೆ ರಿಜಿಸ್ಟರ್ (ಮೀಟರ್ ಒಳಗೆ ಅಂಕಿ ಇಡುವ ಖಾನೆ) ನಂಬರ್‌ನಲ್ಲಿ ಒಂದು ಹೆಚ್ಚು ಕಡಿಮೆ ಆಗಿರಬಹುದು. ಮ್ಯಾನ್ಯುಯಲ್‌ನ 40001, ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಬರೀ 0. ಇನ್ನೊಂದು, ಫ್ಲೋಟ್ (ದಶಮಾಂಶ ಇರಬಹುದಾದ) ಅಂಕಿ ಎರಡು ರಿಜಿಸ್ಟರ್ ತುಂಬ ಇರುತ್ತದೆ. 230 ವೋಲ್ಟ್ ಅಂದರೆ ಒಂದರಲ್ಲಿ 17254, ಇನ್ನೊಂದರಲ್ಲಿ 0. ಇವು ಹಿಂದುಮುಂದಾದರೆ ಮೀಟರ್ ಮೇಲೆ 230, ಸ್ಕ್ರೀನ್ ಮೇಲೆ ಸೊನ್ನೆ. ಸಾಫ್ಟ್‌ವೇರ್‌ನಲ್ಲಿ ವರ್ಡ್ ಆರ್ಡರ್, ಅಂದರೆ ಆ ಎರಡರ ಕ್ರಮ, ಬದಲಿಸಿದರೆ ಸಾಕು.

ಮೊದಲನೆಯದು ಸರಿ ಬಂದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಎಲ್ಲ ಮುಗಿದ ಮೇಲೆ ಯಾವ ನಂಬರ್ ಯಾವ ಮೀಟರ್ ಅಂತ ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ. ಮುಂದಿನ ವರ್ಷ ಬೇರೆ ಹುಡುಗ ಬಂದು ಬಾಗಿಲು ತೆಗೆದಾಗ ಅವನಿಗೆ ಬೇಕಾಗೋದು ಅದೇ ಅಲ್ವಾ.