ಮಗಳು ಕಿರುನಾದಲ್ಲಿದ್ದಾಳೆ: ಚಿತ್ರದುರ್ಗದಲ್ಲಿ ಕೂತು ಆ ಊರನ್ನು ತಿಳಿಯುವ ಬಗೆ

ನಾನು ಹೊಳಲ್ಕೆರೆ ಕಡೆಯ ಗ್ರಾಮ ಪಂಚಾಯ್ತಿಗಳಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ಮಗಳು ಗಣಿ ಇಂಜಿನಿಯರು, ಸ್ವೀಡನ್ನಿನ ಕಿರುನಾದಲ್ಲಿದ್ದಾಳೆ. ಮೊದಮೊದಲು ಫೋನಿನಲ್ಲಿ ‘ಊಟ ಆತಾ, ಚಳಿ ಹೆಂಗೈತೆ’ ಅಂದ ಮೇಲೆ ಇಬ್ಬರಿಗೂ ಮಾತು ತೋಚುತ್ತಿರಲಿಲ್ಲ. ಆ ಊರಿನ ಆಡಳಿತ ಹೇಗೆ ನಡೆಯುತ್ತದೆ ಅಂತ ತಿಳಿಯಲು ಹೊರಟ ಮೇಲೆ ಗಂಟೆಗಟ್ಟಲೆ ಮಾತಾಡುತ್ತೇವೆ. ಮಕ್ಕಳನ್ನು ಆ ದೇಶಕ್ಕೆ ಕಳಿಸಿರುವ ತಂದೆತಾಯಿಗಳಿಗೆ ನಾನು ಹಿಡಿದ ದಾರಿಯನ್ನು ಹೇಳುತ್ತೇನೆ.

ಮೊದಲು ಒಂದು ಹಾಳೆ ತಗೊಂಡು ನಕ್ಷೆಯನ್ನು ಕೈಯಲ್ಲೇ ಬರೆಯಿರಿ. ಕಿರುನಾ ಸ್ವೀಡನ್ನಿನ ಉತ್ತರದ ತುದಿ. ಒಂದು ಕಡೆ ನಾರ್ವೆ, ಇನ್ನೊಂದು ಕಡೆ ಫಿನ್‌ಲೆಂಡ್. ಕಿರುನಾ ಅನ್ನುವುದು ಪೇಟೆಯ ಹೆಸರೂ ಹೌದು, ಕೊಮ್ಯೂನಿನ ಹೆಸರೂ ಹೌದು. ಕೊಮ್ಯೂನ್ ಅಂದರೆ ಅಲ್ಲಿಯ ಸ್ಥಳೀಯ ಸಂಸ್ಥೆ. ದೇಶದಲ್ಲಿ 290 ಇವೆ. ನಮ್ಮಲ್ಲಿ ಪೇಟೆಗೆ ನಗರಸಭೆ, ಹಳ್ಳಿಗೆ ಪಂಚಾಯ್ತಿ. ಅಲ್ಲಿ ಪೇಟೆ, ಹಳ್ಳಿ, ಕಾಡು, ಬೆಟ್ಟ ಎಲ್ಲಕ್ಕೂ ಸೇರಿ ಒಂದೇ. ನಮ್ಮ ಚಿತ್ರದುರ್ಗ ಜಿಲ್ಲೆ ಸುಮಾರು 8,400 ಚದರ ಕಿಲೋಮೀಟರ್. ಕಿರುನಾ ಕೊಮ್ಯೂನ್ ಒಂದೇ ಸುಮಾರು 20,000. ಮೊಳಕಾಲ್ಮೂರಿನಿಂದ ಹೊಸದುರ್ಗದವರೆಗೆ ಆರೂ ತಾಲ್ಲೂಕು ಕೂಡಿಸಿದರೂ ಅದರ ಅರ್ಧ ಆಗುವುದಿಲ್ಲ. ಜನ ಮಾತ್ರ ಇಪ್ಪತ್ತೆರಡು ಸಾವಿರದ ಆಸುಪಾಸು. ನಮ್ಮಲ್ಲಿ 2011ರ ಗಣತಿಯಲ್ಲೇ ಹದಿನಾರು ಲಕ್ಷ ದಾಟಿತ್ತು.

ನಕ್ಷೆಯಲ್ಲಿ ನಾಲ್ಕು ಗುರುತು ಹಾಕಿ: ದೇಶದ ಅತಿ ಎತ್ತರದ ಬೆಟ್ಟ ಕೆಬ್ನೆಕೈಸೆ, ಉದ್ದನೆಯ ಸರೋವರ ತೋರ್ನೆತ್ರೆಸ್ಕ್, ಪೇಟೆಯ ಪಕ್ಕದ ಕಬ್ಬಿಣದ ಗುಡ್ಡ ಕೀರುನಾವಾರಾ, ಅಲ್ಲಿಂದ ನಾರ್ವೆಯ ನಾರ್ವಿಕ್ ಬಂದರಿಗೆ ಅದಿರು ಒಯ್ಯುವ ರೈಲು. ಉಳಿದ ಜಾಗವೆಲ್ಲ ಖಾಲಿ ಅಂದುಕೊಳ್ಳಬೇಡಿ. ಅಲ್ಲಿ ಆ ನಾಡಿನ ಮೂಲನಿವಾಸಿಗಳಾದ ಸಾಮಿ ಜನ ಹಿಮಸಾರಂಗ ಮೇಯಿಸುತ್ತಾರೆ. ನಮ್ಮ ಅಮೃತಮಹಲ್ ದನಗಳು ಮೇಯುವ ಕಾವಲುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕಬ್ಬಿಣದ ಗುಡ್ಡದ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಅದಿರಿನ ಪದರ ಓರೆಯಾಗಿ ಪೇಟೆಯ ಅಡಿಗೇ ಇಳಿದಿದೆ. ತೋಡಿದಂತೆಲ್ಲ ಮೇಲಿನ ನೆಲ ಕುಸಿಯುತ್ತದೆ. ಪೇಟೆಯನ್ನೇ ಬೇರೆ ಕಡೆ ಸರಿಸಬೇಕು ಅನ್ನುವುದು 2004ರಲ್ಲಿ ಜನಕ್ಕೆ ತಿಳಿಯಿತು. ಹೊಸ ಪುರಭವನ 2018ರಲ್ಲಿ ತೆರೆಯಿತು. 1912ರ ಮರದ ಚರ್ಚನ್ನು 2025ರ ಆಗಸ್ಟಿನಲ್ಲಿ ಎರಡು ದಿನ ಗಾಲಿಗಳ ಮೇಲೆ ಐದು ಕಿಲೋಮೀಟರ್ ಒಯ್ದರು. ಗಣಿ ನಡೆಸುವ ಕಂಪನಿ ಸರ್ಕಾರದ್ದು, ಖನಿಜ ಕಾನೂನಿನ ಪ್ರಕಾರ ಪರಿಹಾರ ಅದೇ ಕೊಡಬೇಕು. ಆದರೆ ಎಲ್ಲಿ ರಸ್ತೆ, ಎಲ್ಲಿ ಮನೆ ಅನ್ನುವ ನಕ್ಷೆಗೆ ಒಪ್ಪಿಗೆ ಕೊಡುವ ಅಧಿಕಾರ ಕೊಮ್ಯೂನಿನದು. ನಾನು ನಮ್ಮ ಕಡೆ ಅದಿರಿನ ಲಾರಿ ಓಡಾಡುವ ರಸ್ತೆಗಳ ಬಗ್ಗೆ ಎಷ್ಟೋ ಠರಾವು ಬರೆದಿದ್ದೇನೆ. ಉತ್ತರ ಬಂದದ್ದು ಕಡಿಮೆ. ಅದಕ್ಕೇ ಈ ಅಧಿಕಾರದ ಬೆಲೆ ನನಗೆ ಗೊತ್ತಾಗುತ್ತದೆ.

ಆಮೇಲೆ ಯಾವ ಕೆಲಸ ಯಾರದು ಅಂತ ಪಟ್ಟಿ ಮಾಡಿ. ಶಾಲೆ, ಶಿಶುವಿಹಾರ, ವಯಸ್ಸಾದವರ ಆರೈಕೆ, ನೀರು, ಚರಂಡಿ, ಅಗ್ನಿಶಾಮಕ, ಗ್ರಂಥಾಲಯ ಕೊಮ್ಯೂನಿನವು. ಆಸ್ಪತ್ರೆ ಹಲವು ಕೊಮ್ಯೂನುಗಳಿಗೆ ಸೇರಿ ಇರುವ ಇನ್ನೊಂದು ಚುನಾಯಿತ ಸಂಸ್ಥೆಯಾದ ರೀಜನ್‌ನದು; ಕಿರುನಾಕ್ಕೆ ನೊರ್‌ಬೊತ್ತೆನ್ ರೀಜನ್. ಪೊಲೀಸು ದೇಶದ ಸರ್ಕಾರದ್ದು. ಇಲ್ಲಿ ನಾನೇ ತಪ್ಪಿದೆ. ನಮ್ಮ ಪಂಚಾಯ್ತಿಯ ಅಭ್ಯಾಸದಲ್ಲಿ ‘ಹೆಸರು ನೋಂದಾಯಿಸೋಕೆ ಕೊಮ್ಯೂನ್ ಕಚೇರಿಗೆ ಹೋಗಮ್ಮ’ ಅಂದುಬಿಟ್ಟೆ. ಮಗಳಿಗೆ ಅರ್ಧ ದಿನದ ರಜೆ ಹಾಳಾಯಿತು. ಅಲ್ಲಿ ನಿವಾಸಿಗಳ ನೋಂದಣಿ ಮಾಡುವುದು ತೆರಿಗೆ ಇಲಾಖೆ.

ಸಂಬಳದ ಚೀಟಿ ಕೇಳಿ ನೋಡಿ. ನಮ್ಮ ಪಂಚಾಯ್ತಿ ಮನೆ ಕಂದಾಯ ವಸೂಲಿ ಮಾಡಿ ಅನುದಾನಕ್ಕೆ ಕಾಯುತ್ತದೆ. ಅಲ್ಲಿ ಆದಾಯದ ಮೇಲಿನ ತೆರಿಗೆಯೇ ಕೊಮ್ಯೂನಿಗೂ ರೀಜನ್‌ಗೂ ಹೋಗುತ್ತದೆ. ದೇಶದ ಸರಾಸರಿ ಎರಡೂ ಸೇರಿ ನೂರಕ್ಕೆ ಸುಮಾರು 32. ದರ ನಿಗದಿ ಮಾಡುವವರು ಅವರದೇ ಚುನಾಯಿತ ಸಭೆ. ಮೊದಲ ಸಲ ಕೇಳಿದಾಗ ನಂಬದೆ ಎರಡು ಸಲ ಕೇಳಿದೆ.

ಆ ಸಭೆಗೆ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಸೆಪ್ಟೆಂಬರಿನ ಎರಡನೇ ಭಾನುವಾರ, ಸಂಸತ್ತಿನ ಚುನಾವಣೆಯ ದಿನವೇ. ಸಂಸತ್ತಿಗೆ ಹಳದಿ ಚೀಟಿ, ರೀಜನ್‌ಗೆ ನೀಲಿ, ಕೊಮ್ಯೂನಿಗೆ ಬಿಳಿ. ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಅಲ್ಲಿ ಮತ ಹಾಕುವುದೇ ಪಕ್ಷದ ಪಟ್ಟಿಗೆ. ‘ನಮ್ಮ ವಾರ್ಡಿನ ಮೆಂಬರ್ ಯಾರು’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಮುಖ್ಯವಾದ ಮಾತು: ಪೌರತ್ವ ಇಲ್ಲದಿದ್ದರೂ, 18 ತುಂಬಿ, ಮೂರು ವರ್ಷ ಬಿಡದೆ ಅಲ್ಲಿನ ನೋಂದಾಯಿತ ನಿವಾಸಿಯಾಗಿದ್ದರೆ ನೀಲಿ ಮತ್ತು ಬಿಳಿ ಚೀಟಿಯ ಹಕ್ಕು ನಿಮ್ಮ ಮಕ್ಕಳಿಗೂ ಇದೆ. ನೋಂದಣಿಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಕೊನೆಯದು ಕಾಗದಪತ್ರ. 1766ರಿಂದಲೇ ಅಲ್ಲಿ ಸರ್ಕಾರಿ ಕಡತ ನೋಡುವ ಹಕ್ಕಿದೆ. ನಮ್ಮ ಮಾಹಿತಿ ಹಕ್ಕು 2005ರದು. ಗುಟ್ಟಿನ ಕಡತ ಬಿಟ್ಟರೆ ಮಿಕ್ಕದ್ದನ್ನು ಕೇಳಲು ಸಾಮಾನ್ಯವಾಗಿ ಹೆಸರೂ ಹೇಳಬೇಕಿಲ್ಲ, ಕಾರಣವೂ ಬೇಕಿಲ್ಲ. ಸಭೆಯ ವಿಷಯಪಟ್ಟಿ, ನಡಾವಳಿ ಕೊಮ್ಯೂನಿನ ಜಾಲತಾಣದಲ್ಲೇ ಸಿಗುತ್ತವೆ. ನಿರ್ಣಯ ಕಾನೂನಿಗೆ ವಿರುದ್ಧ ಅನಿಸಿದರೆ ಪ್ರಕಟವಾದ ಮೂರು ವಾರದೊಳಗೆ ಆಡಳಿತ ನ್ಯಾಯಾಲಯಕ್ಕೆ ಹೋಗಬಹುದು. ಪ್ರತಿ ತಿಂಗಳೂ ಒಂದು ವಿಷಯ ಆರಿಸಿ ಓದಿಸಿಕೊಳ್ಳಿ. ಹೋದ ಭಾನುವಾರ ನನ್ನ ಮಗಳು ಹೊಸ ಪೇಟೆಯ ನೀರಿನ ಕೊಳವೆಯ ವಿಷಯ ಓದಿದಳು. ‘ಅಪ್ಪಾಜಿ, ಮಣ್ಣು ಹೆಪ್ಪುಗಟ್ಟುತ್ತೆ, ಅದಕ್ಕೆ ಆಳಕ್ಕೆ ಹೂಳಬೇಕು’ ಅಂದಳು. ಎಷ್ಟು ಆಳ ಅಂತ ಕೇಳಿದ್ದೇನೆ. ಮುಂದಿನ ವಾರ ಹೇಳುತ್ತಾಳೆ.